ಕತ್ತಿಗೆ ಕೊಟ್ಟ ಜೀವ

“ಸೂಜಿ ಕೆಳಗೆ ಬಿದ್ರೂ ಟಿಣ್ ಅನ್ನುತ್ತೆ. ನೀನು ಒಳಗೆ ಬಂದ್ರೆ ಅಷ್ಟೂ ಸದ್ದಾಗಲ್ವಲ್ಲೇ!” ಎಂದು ಸೋದರತ್ತೆ ಒಮ್ಮೆ ಬೆಚ್ಚಿಬಿದ್ದು ಬೈದದ್ದೇ ನೆಪ, ಅಂದಿನಿಂದ ಆ ಮನೆಯ ಹುಡುಗಿಗೆ ಸೂಜಿ ಎಂಬ ಹೆಸರೇ ನಿಂತುಬಿಟ್ಟಿತು. ಹೆಸರಿಗೆ ತಕ್ಕ ಹಾಗೆ ಸಣ್ಣ ಮೈ, ಸಣ್ಣ ದನಿ. ಶಾಲೆ ಬಿಟ್ಟ ಮೇಲೆ ಅಪ್ಪನ ಕಮ್ಮಾರಸಾಲೆಯೇ ಅವಳ ಲೋಕ. ಬೀದಿಯ ಕಡೆಯ ಕೋಣೆಯಲ್ಲಿ ಅತ್ತೆ ಗಿರಾಕಿಗಳ ಜೊತೆ ಬಾಯಿಗೆ ಬಾಯಿ ಕೊಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಕುಲುಮೆ, ಸಾಣೆ ಚಕ್ರ, ಅಪ್ಪ. ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಟಕಿ. ಅದರ ಕೆಳಗೆ ಕೂತು ಸೂಜಿ ಚಾಕುಗಳಿಗೆ ಹಿಡಿ ಕೂರಿಸುತ್ತಿದ್ದಳು, ಒರೆ ಹೊಲಿಯುತ್ತಿದ್ದಳು. ಅಲ್ಲಿಂದ ಅವಳಿಗೆ ಎಲ್ಲರೂ ಕಾಣುತ್ತಿದ್ದರು. ಅವಳು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವಳಿಗೆ ಅದೇ ಬೇಕಾಗಿತ್ತು.

ಆ ಸಾಲೆಗೆ ಅದರದೇ ಒಂದು ಭಾಷೆ. ಮೊಂಡಾದ ಚಾಕು ಬಂದರೆ ‘ಜೀವ ಹೋಗಿದೆ’ ಅನ್ನುವರು. ಸಾಣೆ ಹಿಡಿಯುವುದಕ್ಕೆ ‘ಜೀವ ಕೊಡುವುದು’ ಅನ್ನುವರು. ಅಜ್ಜನ ಕಾಲದಿಂದ ಬಂದ ಮಾತು ಗಿರಾಕಿಗಳ ನಾಲಿಗೆಗೂ ಅಂಟಿಕೊಂಡಿತ್ತು.

“ಅಕ್ಕಾ, ಇದಕ್ಕೊಂಚೂರು ಜೀವ ಕೊಡ್ಸಿ. ನಿನ್ನೆಯಿಂದ ಗರಗಸ ಎಳೆದ ಹಾಗೆ ಎಳೀತಿದ್ದೀನಿ” ಎಂದು ಮಾಂಸದಂಗಡಿಯವನು ಬಂದರೆ, “ಜೀವ ತೆಗೆಯೋನು ನೀನು, ಕೊಡೋರು ನಾವು. ಒಳ್ಳೇ ನ್ಯಾಯ, ಕೊಡು ಇಲ್ಲಿ” ಎಂದು ಅತ್ತೆ ಚಾಕು ಇಸಿದುಕೊಳ್ಳುತ್ತಿದ್ದಳು.

ಇಂಥ ಸಾಲೆಗೆ ಒಂದು ಮಧ್ಯಾಹ್ನ ಕಾಳಗದ ಮೇಷ್ಟ್ರು ಬಂದರು. ರಂಗಮಂದಿರದಲ್ಲಿ ನಟರಿಗೆ ಕತ್ತಿ ವರಸೆ ಕಲಿಸುವ ಮನುಷ್ಯ. ಸುಮ್ಮನೆ ಮಾತಾಡುವಾಗಲೂ ಒಂದು ಕಾಲು ಮುಂದಿಟ್ಟೇ ನಿಲ್ಲುವವರು. ಚೀಲದಿಂದ ನಾಲ್ಕಾರು ಚಿತ್ರ ತೆಗೆದು ಅಪ್ಪನ ಮುಂದೆ ಹರಡಿದರು. ತೆಳುವಾದ ಉದ್ದನೆಯ ಕತ್ತಿ, ಹಿಡಿಯ ಸುತ್ತ ಬಳ್ಳಿಯ ಹಾಗೆ ಬಳಸಿದ ಉಕ್ಕಿನ ಬಳೆಗಳು. ಪಕ್ಕದಲ್ಲಿ ಅದೇ ಬಳ್ಳಿಯ ಕಠಾರಿ, ತಾಯಿಯ ಪಕ್ಕ ಮಗು ನಿಂತ ಹಾಗೆ.

“ಇದು ಪುನರುಜ್ಜೀವನ ಕಾಲದ ಜೋಡಿ, ಯಜಮಾನ್ರೇ. ಐನೂರು ವರ್ಷದ ಹಿಂದೆ ಪರದೇಶದ ದೊಡ್ಡ ಮನುಷ್ಯರು ಬಟ್ಟೆ ತೊಟ್ಟ ಹಾಗೆ ಇದನ್ನೂ ತೊಟ್ಕೊಂಡು ಓಡಾಡ್ತಿದ್ರು. ಬಲಗೈಗೆ ಕತ್ತಿ, ಎಡಗೈಗೆ ಕಠಾರಿ. ಇದರಲ್ಲಿ ಹೊಡೆಯೋದು, ಅದರಲ್ಲಿ ತಡೆಯೋದು.”

“ಎರಡು ಕೈಗೂ ಆಯುಧ ಕೊಟ್ರೆ, ಮೂಗು ತುರಿಸಿದಾಗ ಏನ್ಮಾಡ್ತಿದ್ರಂತೆ?” ಎಂದು ಅತ್ತೆ ಮುಂದಿನ ಕೋಣೆಯಿಂದಲೇ ಕೇಳಿದಳು.

“ಅದಕ್ಕೇ ಅಕ್ಕಾ, ಅವರಿಗೆ ಅಷ್ಟು ಸಿಟ್ಟು ಬರ್ತಿದ್ದದ್ದು.”

ಅಪ್ಪ ನಗಲಿಲ್ಲ. ಚಿತ್ರದ ಮೇಲಿನ ಕಣ್ಣು ಕೀಳದೆ, “ಏನು ಕಾಲ ಅಂದ್ರಿ?” ಎಂದ.

“ಪುನರುಜ್ಜೀವನ. ಅಂದ್ರೆ, ಮತ್ತೆ ಜೀವ ಬಂದ ಕಾಲ.”

“ಹೆಸರಲ್ಲೇ ಜೀವ ಇಟ್ಕೊಂಡಿದೆಯಲ್ಲ!”

“ಹಾಂ, ಅದೇ ಬೇಕು ನನಗೆ. ತಗಡಿನ ಆಟಿಕೆ ಹಿಡಿದು ಹಿಡಿದು ಸಾಕಾಗಿದೆ. ಆ ಕಾಲದವನೇ ಎದ್ದು ಬಂದು ಹಿಡಿದ್ರೂ ‘ಇದು ನಂದೇ’ ಅನ್ನಬೇಕು. ಕೈಗೆ ಬಂದ ಕೂಡಲೆ ಜೀವ ಇದೆ ಅನ್ನಿಸಬೇಕು.”

“ಅದರ ಚಿಂತೆ ಬಿಡಿ, ಮೇಷ್ಟ್ರೇ. ಜೀವ ಕೊಡೋದು ನಮ್ಮ ಕಸುಬು.”

ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದರು. ತಲೆಯೊಳಗೆ ಇದ್ದದ್ದು ಮಾತ್ರ ಬೇರೆ ಬೇರೆ. ರಂಗದ ಕತ್ತಿ ಮೊಂಡಾಗಿರಬೇಕು ಎನ್ನುವುದು ಮೇಷ್ಟ್ರಿಗೆ ಬಾಯಿಬಿಟ್ಟು ಹೇಳುವ ವಿಷಯವೇ ಅಲ್ಲ, ಹಾಲು ಬೆಳ್ಳಗಿರಲಿ ಎಂದು ಯಾರಾದರೂ ಹೇಳುತ್ತಾರೆಯೇ? ಅಪ್ಪನಿಗೋ, ಕೊಯ್ಯದ ಅಲಗು ಅಲಗೇ ಅಲ್ಲ. ಅವನು ಹುಟ್ಟಿದ ಮೇಲೆ ಒಂದು ನಾಟಕವನ್ನೂ ನೋಡಿರಲಿಲ್ಲ. ನಾಟಕದವರು ಸೊಂಟಕ್ಕೆ ಕಟ್ಟಿಕೊಂಡು ಒಂದೆರಡು ಸಲ ಎತ್ತಿ ತೋರಿಸಿ ಮತ್ತೆ ಒರೆಗೆ ಹಾಕುತ್ತಾರೆ ಎಂದೇ ಅವನ ಎಣಿಕೆ.

ಮುಂದಿನ ವಾರ ಮೇಷ್ಟ್ರು ನಾಯಕನ ಪಾತ್ರದವನನ್ನು ಕರೆತಂದರು. ಹೊಟ್ಟೆಪಾಡಿಗೆ ಗಡಿಯಾರ ರಿಪೇರಿ ಮಾಡುವವನು, ಸಂಜೆಗೆ ನಟ. ಸಾಲೆಯವರು ಅವನನ್ನು ಗಡಿಯಾರದವನು ಎಂದೇ ಕರೆದರು. ಹಿಡಿಯ ಅಳತೆಗೆ ಜೇಡಿಮಣ್ಣಿನ ಮುದ್ದೆ ಹಿಚುಕಿಸುವ ಕೆಲಸ ಸೂಜಿಯದು. ಅವಳು ಮುದ್ದೆ ಮುಂದೆ ಚಾಚಿ ತಲೆ ತಗ್ಗಿಸಿದಳು.

“ಎಷ್ಟು ಬಿಗಿಯಾಗಿ ಹಿಡೀಲಿ?” ಎಂದು ಅವನು ಕೇಳಿದ. ಅವಳು ತನ್ನ ಮುಷ್ಟಿ ಕಟ್ಟಿ ತೋರಿಸಿದಳು.

“ನಿಮ್ಮ ಅಂಗಡೀಲಿ ಮಾತಿಗೆ ಬೇರೆ ಬಿಲ್ ಹಾಕ್ತೀರಾ?”

ಅತ್ತೆ ನಕ್ಕಳು. ಸೂಜಿಯ ಕಿವಿ ಕೆಂಪಾಯಿತು. ಆದರೆ ಅವಳು ಅವನ ಕೈಗಳನ್ನು ನೋಡುವುದು ಬಿಡಲಿಲ್ಲ. ಬಲಗೈಗಿಂತ ಎಡಗೈಯ ಬೆರಳುಗಳು ಒಂದು ಎಳೆ ಉದ್ದ. ತುದಿಗಳು ಮೆತ್ತಗೆ, ಚರ್ಮ ತೆಳ್ಳಗೆ.

“ಸಣ್ಣ ಚಕ್ರ, ಸಣ್ಣ ಸ್ಕ್ರೂ ಎಲ್ಲ ಈ ಎಡಗೈಯೇ ಹಿಡಿಯೋದು. ಬಲಗೈ ಬರೀ ಕೂಲಿ” ಎಂದು ಅವನು ಅತ್ತೆಗೆ ಹೇಳುತ್ತಿದ್ದ. “ಅಮ್ಮ ಅಂತೂ ಬಾಗಿಲು ಹಾಕುವಾಗಲೂ ‘ಬೆರಳು, ಬೆರಳು’ ಅಂತಿರ್ತಾಳೆ.”

ಅವನು ಹೋದ ಮೇಲೂ ಆ ಕೈಗಳು ಮಣ್ಣಿನ ಮುದ್ದೆಯಾಗಿ ಕಿಟಕಿಯ ಕಟ್ಟೆಯ ಮೇಲೆ ಉಳಿದವು. ಅವುಗಳನ್ನು ಮುಟ್ಟಿ ಮುಟ್ಟಿ ಸೂಜಿ ಮರದ ಹಿಡಿ ಕೆತ್ತಿದಳು, ಹೊಸೆದ ತಂತಿ ಸುತ್ತಿದಳು. ಅವನ ಮುಖ ಅವಳಿಗೆ ಸರಿಯಾಗಿ ನೆನಪಿರಲಿಲ್ಲ; ಕಿರುಬೆರಳು ಎಲ್ಲಿ ಕೂರುತ್ತದೆ ಎನ್ನುವುದು ಕಣ್ಣು ಮುಚ್ಚಿದರೂ ಗೊತ್ತಿತ್ತು.

ಅಲಗು ಹದಕ್ಕೆ ಬಂದಾಗ ಮೇಷ್ಟ್ರು ನೋಡಲು ಬಂದರು. ಇನ್ನೂ ಸಾಣೆ ಕಾಣದ ಕತ್ತಿ. ಅಂಗಳದಲ್ಲಿ ನಾಲ್ಕು ಸಲ ಬೀಸಿ, ಮೂಗು ಸೊಟ್ಟ ಮಾಡಿದರು.

“ರೂಪ ಏನೋ ಬಂದಿದೆ. ಜೀವ ಇನ್ನೂ ಬಂದಿಲ್ಲ ಯಜಮಾನ್ರೇ. ತುದಿ ಭಾರ.”

“ಜೀವ ಕೊನೇಗೇ ಬರೋದು, ಮೇಷ್ಟ್ರೇ.”

“ಕಠಾರಿ ಹೀಗೇ ಇರಲಿ, ಮುಟ್ಟಬೇಡಿ. ಕತ್ತಿಗೆ ಮಾತ್ರ ಜೀವ ತುಂಬಿಬಿಡಿ.”

ಅಪ್ಪ ಹಿಡಿಯ ತುದಿಗೆ ಭಾರದ ಗುಂಡು ಹಾಕಿ ಅಲಗಿನ ತುದಿಯ ಭಾರ ಕಳೆದ. ಅದು ಮೇಷ್ಟ್ರಿಗೆ ಬೇಕಾದದ್ದು. ಆಮೇಲೆ ಚಕ್ರದ ಮುಂದೆ ಕೂತು, ಎರಡೂ ಕಡೆ, ಬಳೆಯಿಂದ ತುದಿಯವರೆಗೆ ಜೀವ ಕೊಟ್ಟ. ಅದು ಯಾರಿಗೂ ಬೇಡವಾದದ್ದು. ಅಷ್ಟು ಉದ್ದದ ಅಲಗಿಗೆ ಅವನು ಹಿಂದೆಂದೂ ಸಾಣೆ ಹಿಡಿದಿರಲಿಲ್ಲ. ಕೊನೆಗೆ ತನ್ನ ಮುಂಗೈಯ ಕೂದಲನ್ನು ಅದರಿಂದ ಸವರಿ, ಬರಿದಾದ ಚರ್ಮವನ್ನು ಮಗಳಿಗೆ ತೋರಿಸಿದ. ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ಸೂಜಿ ಕಂಡದ್ದು ಅಪರೂಪ.

ಜೋಡಿಯನ್ನು ತಲುಪಿಸಲು ಅವಳೇ ಹೋಗಬೇಕಾಯಿತು. ಅಪ್ಪನಿಗೆ ಕುಲುಮೆ, ಅತ್ತೆಗೆ ಕಾಲುನೋವು. “ಕೊಟ್ಟು ಬಾ. ‘ತಗೊಳ್ಳಿ’ ಅಂತ ಒಂದು ಮಾತಾದ್ರೂ ಆಡು, ಮುತ್ತು ಉದುರಲ್ಲ” ಎಂದು ಅತ್ತೆ ಬಾಗಿಲವರೆಗೂ ಬಂದು ಹೇಳಿದಳು.

ರಂಗಮಂದಿರದೊಳಗೆ ತಾಲೀಮು ನಡೆದಿತ್ತು. ಮೇಷ್ಟ್ರು ಒರೆಗಳನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, “ಕೂತ್ಕೊಮ್ಮಾ, ನಿಮ್ಮ ಕತ್ತಿ ಏನು ಮಾಡುತ್ತೆ ನೋಡ್ಕೊಂಡು ಹೋಗು. ಮೊದಲು ಕೋಲಲ್ಲಿ ಒಂದು ಸಲ ಆಗ್ಲಿ” ಎಂದರು. ಸೂಜಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಳು.

ವೇದಿಕೆಯ ಮೇಲೆ ವೈರಿಯ ಪಾತ್ರ ಮೇಷ್ಟ್ರದು, ನಾಯಕ ಗಡಿಯಾರದವನು. ಕೋಲುಗಳು ಟಕಟಕ ಎಂದವು. ವೈರಿ ನಾಯಕನ ಕೈಯಿಂದ ಕತ್ತಿ ಹಾರಿಸುತ್ತಾನೆ, ಕಠಾರಿಯನ್ನೂ ಒದ್ದು ಕೆಡವುತ್ತಾನೆ, ನಾಯಕನ ಕತ್ತಿಯನ್ನೇ ಎತ್ತಿಕೊಂಡು ಅವನ ಮೇಲೆ ಬೀಸುತ್ತಾನೆ. ಆಗ ಬರಿಗೈಯಲ್ಲಿ ನಿಂತ ನಾಯಕ ಓಡುವುದಿಲ್ಲ. ಒಂದು ಹೆಜ್ಜೆ ಒಳಗೆ ನುಗ್ಗಿ, ಬೀಸಿದ ಅಲಗನ್ನು ಹಿಡಿಯ ಹತ್ತಿರವೇ ಎಡಗೈಯಿಂದ ಗಪ್ಪನೆ ಹಿಡಿದು, ತಿರುಚಿ, ಕಸಿದುಕೊಳ್ಳುತ್ತಾನೆ.

ಕೋಲಿನ ಸುತ್ತ ಆ ಎಡಗೈ ಬಿಗಿದದ್ದನ್ನು ಸೂಜಿ ನೋಡಿದಳು. ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಕೂದಲು ಬೋಳಾದ ಅಪ್ಪನ ಮುಂಗೈ ನೆನಪಾಯಿತು. ಕೋಲಾದರೆ ಸರಿ. ಕತ್ತಿ ಬಂದಾಗ ಇವರು ಹೀಗೆ ಮಾಡುವುದಿಲ್ಲ. ಮಾಡುತ್ತಾರೆಯೇ?

“ಈಗ ಅಸಲಿ!” ಎಂದು ಮೇಷ್ಟ್ರು ಒರೆಯಿಂದ ಕತ್ತಿ ಎಳೆದು ದೀಪಕ್ಕೆ ಹಿಡಿದರು. ಒಂದು ಸಲ ಬೀಸಿ, “ಆಹಾ! ಈಗ ಬಂತು ನೋಡು ಜೀವ!” ಎಂದು ಗಡಿಯಾರದವನ ಕೈಗಿಟ್ಟರು. ಅವನ ಬೆರಳುಗಳು ತಂತಿಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಯಾರೂ ಅಂಚನ್ನು ಮುಟ್ಟಿ ನೋಡಲಿಲ್ಲ.

ಕಾಳಗ ನಿಧಾನವಾಗಿ ಶುರುವಾಯಿತು. ಮೇಷ್ಟ್ರ ಕೈಯಲ್ಲಿದ್ದ ಹಳೆಯ ತಗಡಿನ ಕತ್ತಿಗೆ ಹೊಸ ಅಲಗು ತಗುಲಿದಾಗ ಟಣ್ ಎನ್ನಲಿಲ್ಲ, ಕಚ್ ಎಂದಿತು. ಕಚ್ಚಿ ಹಿಡಿಯುವ ಸದ್ದು. ಅದನ್ನು ಕೇಳಿ ಬೆಳೆದವಳು ಆ ಸಭಾಂಗಣದಲ್ಲಿ ಸೂಜಿ ಒಬ್ಬಳೇ. ಅವಳು ಎದ್ದು ನಿಂತಳು. ಕತ್ತಿ ಹಾರಿತು. ಕಠಾರಿ ಉರುಳಿತು. ಮೇಷ್ಟ್ರು ಕತ್ತಿ ಎತ್ತಿಕೊಂಡರು.

“ಜೀವ ಇದೆ!”

ತನ್ನ ದನಿ ಅಷ್ಟು ದೊಡ್ಡದು ಎಂದು ಅವಳಿಗೇ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು. ಮೇಷ್ಟ್ರ ಮುಖ ಅರಳಿತು.

“ಇದೆಯಮ್ಮಾ, ಬೇಕಾದಷ್ಟಿದೆ! ನಿಮ್ಮಪ್ಪನಿಗೆ ಹೇಳು, ಕೈಗೆ ಮುತ್ತು ಕೊಡ್ತೀನಿ ಅಂತ. ಈಗ ಕೂತ್ಕೊ, ಆಮೇಲೆ ಹೊಗಳುವಿಯಂತೆ.” ಗಡಿಯಾರದವನ ಕಡೆ ತಿರುಗಿ, “ನಡಿ, ಎತ್ತಿಕೊಂಡಲ್ಲಿಂದ ಮತ್ತೆ. ಈ ಸಲ ಪೂರ್ತಿ ವೇಗ” ಎಂದರು.

ಅವಳು “ಅಲ್ಲ… ಜೀವ… ಜೀವ ಕೊಟ್ಟಿದೆ…” ಎಂದಳು. ಯಾರೋ ನಕ್ಕರು. ಬೇರೆ ಮಾತು, ಊರಿಗೆಲ್ಲ ಅರ್ಥವಾಗುವ ಮಾತು, ಒಂದೂ ನಾಲಿಗೆಗೆ ಬರಲಿಲ್ಲ. ಬಾಯಿ ಕೈಕೊಟ್ಟಾಗ ಕಾಲು ಓಡಿತು. ಕುರ್ಚಿ ಸಾಲಿನ ನಡುವೆ, ಮೆಟ್ಟಿಲ ಮೇಲೆ, ದೀಪದ ಬೆಳಕಿನೊಳಗೆ. ಮೇಷ್ಟ್ರ ತೋಳು ಅದಾಗಲೇ ಎದ್ದಿತ್ತು. ಆ ಎಡಗೈ ಐದೂ ಬೆರಳು ಬಿಚ್ಚಿಕೊಂಡು ಮೇಲೆ ಹೋಗುತ್ತಿತ್ತು. ಪರಗಂಡಸರ ಮುಖವನ್ನೇ ನೆಟ್ಟಗೆ ನೋಡದ ಹುಡುಗಿ ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು, ಮೈಭಾರವನ್ನೆಲ್ಲ ಹಾಕಿ ಕೆಳಕ್ಕೆ ಜಗ್ಗಿದಳು.

ಅಲಗು ಅವನ ತೋಳನ್ನು ಸವರಿಕೊಂಡು ಹೋಯಿತು.

“ಏನಮ್ಮಾ ಇದು! ತಲೆ ನೆಟ್ಟಗಿದೆಯಾ?” ಎಂದು ಮೇಷ್ಟ್ರು ಗುಡುಗಿದರು. ಆದರೆ ಗಡಿಯಾರದವನು ತನ್ನ ತೋಳನ್ನೇ ನೋಡುತ್ತಿದ್ದ. ಅಂಗಿಯ ತೋಳು ಮೊಣಕೈಯಿಂದ ಕೆಳಗೆ ತಾನಾಗಿಯೇ ಬಾಯಿ ಬಿಡುತ್ತಿತ್ತು. ಸದ್ದಿಲ್ಲ, ಒಂದು ನೂಲೂ ಜಗ್ಗಿಲ್ಲ. ಒಳಗಿನ ಚರ್ಮ ಬೆಳ್ಳಗಿತ್ತು. ಆಮೇಲೆ ಅದರ ಮೇಲೊಂದು ಕೆಂಪು ಗೆರೆ ಮೂಡಿತು, ಬೆಕ್ಕು ಗೀರಿದಷ್ಟು.

“ಕೊಯ್ಯುತ್ತೆ” ಎಂದಳು ಸೂಜಿ. ಆ ಮಾತು ಈಗ ಬಂತು. “ಅದು ಕೊಯ್ಯುತ್ತೆ.”

ಮೇಷ್ಟ್ರು ಬಿದ್ದಿದ್ದ ಕೋಲನ್ನು ಎತ್ತಿ ಕತ್ತಿಯಿಂದ ಮೆಲ್ಲಗೆ ಸವರಿದರು. ಮರದ ಸಿಪ್ಪೆ ಸುರುಳಿಯಾಗಿ ಎದ್ದು ಕೆಳಗೆ ಬಿತ್ತು. ಅವರು ಕತ್ತಿಯನ್ನು ದೂರ ಇಟ್ಟು, ಇದ್ದಲ್ಲೇ ನೆಲದ ಮೇಲೆ ಕೂತರು. ಒಂದು ಕಾಲು ಮುಂದಿಡದ ಮೇಷ್ಟ್ರನ್ನು ಅವಳು ನೋಡಿದ್ದು ಅದೇ ಮೊದಲು.

“ಪೂರ್ತಿ ವೇಗ ಅಂದೆ ನಾನು” ಎಂದು ಅವರು ಯಾರಿಗೂ ಅಲ್ಲದೆ ಹೇಳಿದರು. “ನಾನೇ ಅಂದೆ. ನಾಲ್ಕು ಬೆರಳೂ ಇಲ್ಲಿ ಬಿದ್ದಿರ್ತಿದ್ವು.” ಆಮೇಲೆ ಸೂಜಿಯ ಕಡೆ ತಿರುಗಿ, “ಹರಿತ ಮಾಡಿ ಅಂತ ಯಾರಮ್ಮಾ ಹೇಳಿದ್ದು?”

“ನೀವೇ.”

“ನಾನಾ!”

“ಜೀವ ತುಂಬಿ ಅಂದ್ರಿ. ನಮ್ಮಲ್ಲಿ… ಹಾಗಂದ್ರೆ ಸಾಣೆ ಹಿಡಿಯೋದು.”

ಗಡಿಯಾರದವನು ಇದ್ದಕ್ಕಿದ್ದಂತೆ ನಗತೊಡಗಿದ. ನಗು ನಿಲ್ಲದೆ ಅವನ ಕಣ್ಣಲ್ಲಿ ನೀರು ಬಂತು. ಎಡಗೈಯನ್ನು ಕಂಕುಳಲ್ಲಿ ಅದುಮಿಕೊಂಡು ನಗುತ್ತಲೇ ಇದ್ದ. ಬೇರೆ ಯಾರೂ ನಗಲಿಲ್ಲ.

ಕತ್ತಿಯನ್ನು ಒರೆಗೆ ಸೇರಿಸಿಕೊಂಡು ಸೂಜಿ ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಅವಳು ನಿಂತೇ ಹೇಳಿದಳು. ಅಷ್ಟುದ್ದದ ಮಾತನ್ನು ಅವಳು ಆಡಿದ್ದನ್ನು ಆ ಮನೆ ಕೇಳಿರಲಿಲ್ಲ. ಅತ್ತೆ ಬಡಿಸುವ ಸೌಟನ್ನು ಹಿಡಿದುಕೊಂಡೇ ಗೋಡೆಗೆ ಒರಗಿದಳು.

“ಬರಿಗೈಯಲ್ಲಿ ಹಿಡೀತಾರಾ? ಕತ್ತೀನಾ?” ಎಂದ ಅಪ್ಪ.

“ಹೂಂ.”

“ಅಂಗಿ ಕೊಯ್ತಾ?”

“ಹೂಂ.”

“ಸದ್ದು ಬಂತಾ?”

“ಇಲ್ಲಪ್ಪ. ಒಂದು ನೂಲೂ ಜಗ್ಗಲಿಲ್ಲ.”

ಅಪ್ಪನ ಮುಖದಲ್ಲಿ ಆ ಬೆಳಕು ಮತ್ತೆ ಬಂತು. ಒಂದೇ ಗಳಿಗೆ. ಸೂಜಿ ನೋಡಿದಳು, ಅವಳು ನೋಡಿದ್ದನ್ನು ಅಪ್ಪನೂ ನೋಡಿದ. ತನ್ನೊಳಗೆ ಯಾರನ್ನೋ ಕಂಡವನ ಹಾಗೆ ಬೆಚ್ಚಿ, ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

“ಲೋ, ಒಬ್ಬರ ಮಗನ ಕೈ ಹೋಗ್ತಿತ್ತು. ನೀನು ಸದ್ದು ಕೇಳ್ತೀಯಲ್ಲೋ!” ಎಂದಳು ಅತ್ತೆ.

“ಗೊತ್ತಾಯ್ತು ಅಕ್ಕಾ. ಸುಮ್ನಿರು.”

ಅವನು ಅನ್ನ ಮುಟ್ಟದೆ ಎದ್ದು ಕೈ ತೊಳೆದ. ಮರುದಿನ ಪೂರ್ತಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಅಂಚನ್ನು ಉಜ್ಜಿ ಮೊಂಡು ಮಾಡುವ ಅರದ ಸದ್ದು ಕೇಳಿಸುವುದು, ನಿಲ್ಲುವುದು, ತುಂಬ ಹೊತ್ತು ಬಿಟ್ಟು ಮತ್ತೆ ಕೇಳಿಸುವುದು. ಜೀವ ಕೊಡುವ ಕೈಗೇ ಜೀವ ತೆಗೆಯುವ ಕೆಲಸ. ಅತ್ತೆ ಕೂಡ ಆ ದಿನ ಗಿರಾಕಿಗಳ ಮೇಲೆ ಬಾಯಿ ಮಾಡಲಿಲ್ಲ.

ಅದರಾಚೆಯ ದಿನ ಅಪ್ಪ ತಾನೇ ಕತ್ತಿ ಹಿಡಿದುಕೊಂಡು ರಂಗಮಂದಿರಕ್ಕೆ ಹೊರಟ, ಸೂಜಿಯನ್ನೂ ಕರೆದುಕೊಂಡು. ವೇದಿಕೆ ಹತ್ತಿ, ಮೇಷ್ಟ್ರ ಮುಂದೆ ತಲೆ ತಗ್ಗಿಸಿ, “ತಪ್ಪಾಯ್ತು” ಎಂದ.

“ಅರ್ಧ ತಪ್ಪು ನಂದು, ಯಜಮಾನ್ರೇ. ಬಿಡಿ.”

“ಈಗೇನೂ ಭಯ ಇಲ್ಲ. ನೋಡಿ” ಎಂದು ಅಪ್ಪ ಅಲಗಿನ ನಡುಭಾಗವನ್ನು ಮುಷ್ಟಿಯಲ್ಲಿ ಹಿಡಿದು ತುದಿಯವರೆಗೂ ಎಳೆದು, ಅಂಗೈ ಬಿಚ್ಚಿ ತೋರಿಸಿದ. ಕಲೆ ಇಲ್ಲ, ಗೀರಿಲ್ಲ. ಮೇಷ್ಟ್ರು ಉಸಿರು ಬಿಟ್ಟರು.

ಗಡಿಯಾರದವನು ಮಾತ್ರ ದೂರದಲ್ಲೇ ನಿಂತಿದ್ದ. ಎಡಗೈ ಜೇಬಿನೊಳಗಿತ್ತು.

“ಬಾ ಮಗಾ, ಹಿಡಿ” ಎಂದ ಅಪ್ಪ.

“ಮೊನ್ನೇನೂ ಸರಿಯಾಗೇ ಮಾಡಿದ್ದೀನಿ ಅಂದ್ಕೊಂಡೇ ಕಳಿಸಿದ್ರಲ್ಲ, ಚಿಕ್ಕಪ್ಪಾ?” ಎಂದ ಅವನು. ದನಿಯಲ್ಲಿ ಕುಟುಕಿರಲಿಲ್ಲ, ಬರೀ ಭಯ. “ಎರಡು ದಿನದಿಂದ ಚಿಮಟ ಹಿಡಿದ್ರೂ ಕೈ ನಡುಗ್ತಿದೆ. ತಪ್ಪು ತಿಳ್ಕೋಬೇಡಿ.” ಆಮೇಲೆ ಸೂಜಿಯ ಕಡೆ ನೋಡಿ, “ನೀನು ಹೇಳು. ನೀನು ಸರಿ ಅಂದ್ರೆ ಹಿಡೀತೀನಿ” ಎಂದ.

ಅಪ್ಪನ ಕೆಲಸವನ್ನು ಮಗಳು ಎಲ್ಲರ ಮುಂದೆ ಪರೀಕ್ಷೆ ಮಾಡುವುದೇ? ಸೂಜಿಯ ಕಾಲು ಹಿಂದೆ ಹೋಯಿತು. ಆದರೆ ಒಂದು ಸಂಗತಿ ಅವಳನ್ನು ಆಗಲೇ ಚುಚ್ಚುತ್ತಿತ್ತು. ಅಪ್ಪ ಮುಷ್ಟಿ ಎಳೆದದ್ದು ನಡುವಿನಿಂದ. ಬಳೆಯ ಹತ್ತಿರದಿಂದ ಅಲ್ಲ.

ಅವಳು ಕತ್ತಿ ಇಸಿದುಕೊಂಡಳು. ತುದಿಯಿಂದ ಶುರುಮಾಡಿ, ಹೆಬ್ಬೆರಳನ್ನು ಅಂಚಿಗೆ ಅಡ್ಡವಾಗಿ ಸವರುತ್ತ, ಇಂಚಿಂಚಾಗಿ ಮೇಲಕ್ಕೆ ಬಂದಳು. ಒಂದು ಕಡೆ ಮುಗಿಯಿತು. ಮಗ್ಗುಲು ಬದಲಿಸಿ ಇನ್ನೊಂದು. ಬಳೆಗೆ ನಾಲ್ಕು ಬೆರಳ ಅಗಲ ಉಳಿದಾಗ ಅವಳ ಹೆಬ್ಬೆರಳು ನಿಂತಿತು.

“ಇಲ್ಲಿ ಇನ್ನೂ ಕೊಯ್ಯುತ್ತೆ.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಗಡಿಯಾರದವನ ಮುಖದಲ್ಲಿ ರಕ್ತ ಇರಲಿಲ್ಲ. ಅವನು ಹಿಡಿಯುವುದು ಸರಿಯಾಗಿ ಅಲ್ಲೇ. ಅದು ಅಪ್ಪನಿಗೆ ಗೊತ್ತಿರಲಿಲ್ಲ, ಸೂಜಿಗೆ ಗೊತ್ತಿತ್ತು.

“ಅಪ್ಪಾ?”

ಅಪ್ಪ ನೆಲ ನೋಡುತ್ತ ನಿಂತಿದ್ದ. “ಬಳೆ ಬುಡದಲ್ಲಿ ಯಾರು ಕೈ ಹಾಕ್ತಾರೆ ಅಂದ್ಕೊಂಡೆ” ಎಂದ. “ಅಷ್ಟು ಒಳ್ಳೇ ಅಂಚು ಇನ್ನೊಂದು ಸಲ ನನ್ನ ಕೈಯಲ್ಲಿ ಆಗಲ್ಲ. ಚೂರಾದ್ರೂ ಇರಲಿ ಅಂತ… ಕೈ ಮೇಲೇಳಲಿಲ್ಲ ಕಣೇ.”

ಅವನ ಜೇಬಿನಲ್ಲಿ ಅರ ಇತ್ತು, ಯಾವಾಗಲೂ ಇರುತ್ತಿತ್ತು. ಸೂಜಿ ಕೈ ಚಾಚಿದಳು. ಅವನು ಕೊಡಲಿಲ್ಲ, ತಡೆಯಲೂ ಇಲ್ಲ, ಅವಳೇ ತೆಗೆದುಕೊಂಡಳು. ವೇದಿಕೆಯ ಅಂಚಿನಲ್ಲಿ ಕೂತು, ಕತ್ತಿಯನ್ನು ಮೊಣಕಾಲ ಮೇಲಿಟ್ಟು, ಎಲ್ಲರ ಎದುರಿಗೇ ಅಂಚಿನ ಮೇಲೆ ಅರ ಎಳೆದಳು. ಆ ಕಿರುಚು ಸದ್ದು ಸಭಾಂಗಣದ ಕೊನೆಯ ಕುರ್ಚಿಯವರೆಗೂ ಹೋಯಿತು. ಪ್ರತಿ ಎಳೆತಕ್ಕೂ ಅಪ್ಪನ ಭುಜ ಅಲುಗುತ್ತಿದ್ದದ್ದು ಅವಳಿಗೆ ಓರೆಗಣ್ಣಿನಲ್ಲಿ ಕಾಣುತ್ತಿತ್ತು. ಅವಳು ನಿಲ್ಲಿಸಲಿಲ್ಲ. ಅಂಚು ಪೂರ್ತಿ ಮೊಂಡಾದ ಮೇಲೆ, ಆ ಜಾಗವನ್ನು ತನ್ನ ಎಡಮುಷ್ಟಿಯಲ್ಲೇ ಬಿಗಿಯಾಗಿ ಹಿಡಿದು, ತಿರುಚಿ, ಕೈ ಬಿಚ್ಚಿ ನೋಡಿಕೊಂಡಳು.

“ಹಿಡೀರಿ” ಎಂದಳು.

ಗಡಿಯಾರದವನು ಜೇಬಿನಿಂದ ಕೈ ತೆಗೆದ. ಮೇಷ್ಟ್ರು ಕತ್ತಿ ಎತ್ತಿದರು, ಈ ಸಲ ವೇಗವಿಲ್ಲ, ನೀರಿನೊಳಗೆ ಎತ್ತಿದ ಹಾಗೆ. ಐದು ಬೆರಳೂ ಬಿಚ್ಚಿಕೊಂಡು ಮೇಲೆ ಹೋಗಿ, ಅಲಗಿನ ಹತ್ತಿರ ಬಂದು, ಒಮ್ಮೆ ಹಿಂದೆ ಸರಿದು, ಮತ್ತೆ ಬಂದು ಮುಚ್ಚಿಕೊಂಡವು.

ಅವನು ಬಿಡದೆ ಹಿಡಿದೇ ನಿಂತ. ಮೇಷ್ಟ್ರು ಏನೋ ಹೇಳುತ್ತಿದ್ದರು, ಯಾರೋ ಚಪ್ಪಾಳೆ ಹೊಡೆದರು. ಸೂಜಿ ಆ ಮುಷ್ಟಿಯ ಕೆಳಗಿನ ಗೆರೆಯನ್ನೇ ನೋಡುತ್ತಿದ್ದಳು, ಕೆಂಪು ಕಾಣುತ್ತದೆಯೇನೋ ಎಂದು. ಕಾಣಲಿಲ್ಲ. ಅವಳು ತಿರುಗಿ ನೋಡಿದಾಗ ಅಪ್ಪ ಬಾಗಿಲ ಹತ್ತಿರ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.